ಕಾಲುದಾರಿ, ನಾಯಿ, ಎರಡು ಮೀಟರ್ ಹಗ್ಗ

ಇಂಗ್ಲೆಂಡಿನ ಬೆಟ್ಟ ಬಯಲುಗಳಲ್ಲಿ ನಾಯಿಯನ್ನು ಜೊತೆಗೆ ಕರೆದುಕೊಂಡು ಎಲ್ಲೆಲ್ಲಿ ನಡೆಯಬಹುದು ಎಂಬ ಪ್ರಶ್ನೆಗೆ ಎಂಟುನೂರು ವರ್ಷಗಳಿಗೂ ಹೆಚ್ಚಿನ ಕಾನೂನಿನ ಚರಿತ್ರೆಯಿದೆ. ಇಂದು ಆ ದೇಶದ ಯಾವುದೇ ನಡಿಗೆಯ ಕೈಪಿಡಿ ತೆರೆದರೂ ದಾರಿಯ ಉದ್ದ, ಏರಿಳಿತಗಳ ಜೊತೆಗೆ ಅದು ನಾಯಿಗೆ ಹೊಂದುತ್ತದೆಯೇ ಎಂಬ ಸೂಚನೆಯೂ ಇರುತ್ತದೆ. ಹಗ್ಗ ಎಲ್ಲಿ ಕಡ್ಡಾಯ, ತಡಮೆ ದಾಟಿಸುವುದು ಎಲ್ಲಿ ಕಷ್ಟ, ಯಾವ ತಿಂಗಳು ಯಾವ ಗುಡ್ಡಕ್ಕೆ ನಾಯಿಗೆ ಪ್ರವೇಶವಿಲ್ಲ ಎಂಬ ವಿವರಗಳೂ ಸಿಗುತ್ತವೆ. ನೋಡಲು ಇವು ಚಿಲ್ಲರೆ ಸಂಗತಿಗಳು. ಆದರೆ ಒಂದೊಂದು ಸೂಚನೆಯ ಹಿಂದೆಯೂ ನೆಲದ ಒಡೆತನದ ಒಂದು ಜಗಳವಿದೆ. ಆಯಾ ಕಾಲದಲ್ಲಿ ನೆಲದ ಮೇಲೆ ಹಿಡಿತವಿದ್ದವರಿಗೆ ಯಾವ ಪ್ರಾಣಿ ಬೆಲೆಬಾಳುವುದಾಗಿತ್ತೋ ಅದನ್ನು ನಾಯಿಯ ಬಾಯಿಂದ ಕಾಯುವುದೇ ನಿಯಮದ ಕೆಲಸವಾಗಿತ್ತು. ಮೊದಲು ಅದು ಅರಸನ ಜಿಂಕೆ, ಆಮೇಲೆ ಜಮೀನ್ದಾರನ ಮೊಲ ಮತ್ತು ಬೇಟೆಹಕ್ಕಿ, ಅನಂತರ ರೈತನ ಕುರಿ. ಈಗ ಆ ಸ್ಥಾನಕ್ಕೆ ಗುಬ್ಬಚ್ಚಿಯಷ್ಟೂ ತೂಗದ ಒಂದು ಹಾಡುಹಕ್ಕಿಯೂ ಬಂದಿದೆ.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ದೇಶದ ದೊಡ್ಡ ದೊಡ್ಡ ಭಾಗಗಳು ಅರಸನ ಬೇಟೆಗೆ ಮೀಸಲಾದವು. ಇವನ್ನು ಅರಣ್ಯ ಎಂದು ಕರೆದರೂ ಅಲ್ಲೆಲ್ಲ ಮರಗಳೇ ಇದ್ದವೆಂದಲ್ಲ. ಹಳ್ಳಿ, ಹೊಲ, ಹುಲ್ಲುಗಾವಲುಗಳೂ ಆ ಗಡಿಯೊಳಗೆ ಸೇರಿದ್ದವು. ಊರವರಿಗೆ ಮನೆ ಮತ್ತು ಮಂದೆ ಕಾಯಲು ನಾಯಿ ಬೇಕು. ಅರಸನಿಗೆ ಜಿಂಕೆಯ ಹಿಂದೆ ಬೇರೆ ಯಾರ ನಾಯಿಯೂ ಓಡಬಾರದು. ಇದಕ್ಕೆ ಕಂಡುಕೊಂಡ ಪರಿಹಾರ ಕ್ರೂರವೂ ಹೌದು, ತಣ್ಣನೆಯ ಲೆಕ್ಕಾಚಾರದ್ದೂ ಹೌದು. ದೊಡ್ಡ ನಾಯಿಗಳ ಮುಂಗಾಲಿನ ಮೂರು ಉಗುರುಗಳನ್ನು ಕತ್ತರಿಸಿಬಿಡುವುದು. ನಾಯಿ ನಡೆಯುತ್ತದೆ, ಬೊಗಳುತ್ತದೆ, ಬಾಗಿಲು ಕಾಯುತ್ತದೆ, ಬೆನ್ನಟ್ಟಲು ಮಾತ್ರ ಆಗುವುದಿಲ್ಲ. 1598ರಲ್ಲಿ ಅರಣ್ಯ ಕಾನೂನಿನ ಮೇಲೆ ಗ್ರಂಥ ಬರೆದ ಜಾನ್ ಮ್ಯಾನ್‌ವುಡ್ ಇದರ ವಿಧಾನವನ್ನು ಬಡಗಿಯ ಕೆಲಸದ ವಿವರದಂತೆ ಕೊಟ್ಟಿದ್ದಾನೆ. ಎಂಟು ಅಂಗುಲ ದಪ್ಪದ ಮರದ ತುಂಡಿನ ಮೇಲೆ ಕಾಲಿಡಿಸಿ, ಎರಡು ಅಂಗುಲ ಅಗಲದ ಉಳಿ ಇಟ್ಟು, ಕೊಡತಿಯಿಂದ ಒಂದೇ ಏಟು.

1217ರ ಅರಣ್ಯ ಸನ್ನದು ಈ ಪದ್ಧತಿಯನ್ನು ತೆಗೆದುಹಾಕಲಿಲ್ಲ, ಮಿತಿಯಲ್ಲಿಟ್ಟಿತು. ಆಗ ಸಿಂಹಾಸನದ ಮೇಲಿದ್ದವನು ಮೂರನೆಯ ಹೆನ್ರಿ ಎಂಬ ಬಾಲಕ. ಅವನ ಹೆಸರಿನಲ್ಲಿ ಹೊರಟ ಆ ಸನ್ನದಿನ ಪ್ರಕಾರ ನಾಯಿಗಳ ತಪಾಸಣೆ ಮೂರು ವರ್ಷಕ್ಕೊಮ್ಮೆ ನಡೆಯಬೇಕು, ಉಗುರು ಕತ್ತರಿಸದ ನಾಯಿ ಸಿಕ್ಕರೆ ಮೂರು ಶಿಲಿಂಗ್ ದಂಡ, ದಂಡದ ಬದಲು ಎತ್ತನ್ನು ಎಳೆದೊಯ್ಯುವಂತಿಲ್ಲ. ಎತ್ತಿನ ಮಾತು ಅಲ್ಲಿ ಬಂದಿರುವುದರಿಂದಲೇ ಅಧಿಕಾರಿಗಳು ಮೊದಲು ಏನು ಮಾಡುತ್ತಿದ್ದರೆಂಬುದು ಗೊತ್ತಾಗುತ್ತದೆ. ದಕ್ಷಿಣ ಇಂಗ್ಲೆಂಡಿನ ನ್ಯೂ ಫಾರೆಸ್ಟ್‌ನ ಲಿಂಡ್‌ಹರ್ಸ್ಟ್ ಊರಿನ ಅರಣ್ಯ ನ್ಯಾಯಸಭೆಯಲ್ಲಿ ಕಬ್ಬಿಣದ ದೊಡ್ಡ ರಿಕಾಪೊಂದಿದೆ. ಅದರೊಳಗೆ ನುಸುಳುವಷ್ಟು ಸಣ್ಣ ನಾಯಿಗೆ ಉಗುರು ಕತ್ತರಿಸುವ ಶಿಕ್ಷೆ ಇರಲಿಲ್ಲವೆಂದು ಪ್ರತೀತಿ. ಅದು ಹನ್ನೊಂದನೆಯ ಶತಮಾನದ ಅರಸ ವಿಲಿಯಂ ರೂಫಸನ ರಿಕಾಪು ಎಂದೇ ಹೆಸರಾಗಿದ್ದರೂ ವಸ್ತು ಬಹಳ ಈಚಿನದು. ಅರಣ್ಯ ಸನ್ನದು ಮಾತ್ರ ಅಲ್ಪಸ್ವಲ್ಪ ಜೀವ ಹಿಡಿದುಕೊಂಡು 1971ರವರೆಗೂ ಕಾನೂನು ಪುಸ್ತಕದಲ್ಲಿತ್ತು.

ಅರಸರ ಬೇಟೆಯ ಹುಚ್ಚು ಇಳಿಯುತ್ತ ಬಂದಂತೆ ಆ ಜಾಗಕ್ಕೆ ಜಮೀನ್ದಾರರು ಬಂದರು. 1671ರ ಬೇಟೆ ಕಾಯಿದೆ ಒಂದು ಅಂತಸ್ತಿನ ಗೆರೆ ಎಳೆಯಿತು. ವರ್ಷಕ್ಕೆ ನೂರು ಪೌಂಡ್ ಹುಟ್ಟುವಳಿಯ ಸ್ವಂತ ಭೂಮಿಯೋ ಅದಕ್ಕೆ ಸಮನಾದ ಅರ್ಹತೆಯೋ ಇಲ್ಲದವನು ಬೇಟೆಯಾಡುವಂತಿಲ್ಲ. ಗ್ರೇಹೌಂಡ್, ಲರ್ಚರ್‌ಗಳಂಥ ಬೇಟೆನಾಯಿಯನ್ನು ಸಾಕುವಂತೆಯೂ ಇಲ್ಲ. ಜಮೀನ್ದಾರನ ಗಾವಲುಗಾರರು ಅಂಥವರ ಮನೆ ಹೊಕ್ಕು ಹುಡುಕಿ ನಾಯಿಯನ್ನೂ ಬಂದೂಕನ್ನೂ ವಶಪಡಿಸಿಕೊಳ್ಳಬಹುದಿತ್ತು. ಹೊಲದ ಅಂಚಿನಲ್ಲಿ ನಾಯಿಯೊಡನೆ ಹೋಗುತ್ತಿದ್ದ ಕೂಲಿಯವನು ಕಣ್ಣಿಗೆ ಬಿದ್ದರೆ ಅವನು ಕಳ್ಳಬೇಟೆಗಾರನೆಂದೇ ಅರ್ಥ. ಗ್ರೇಹೌಂಡಿಗೂ ಕುರಿನಾಯಿಗೂ ಹುಟ್ಟಿದ ಲರ್ಚರ್ ಇಂಥ ಬಡವರ ನಾಯಿ. ಸದ್ದಿಲ್ಲದೆ ಹೋಗಿ ಮೊಲ ಹಿಡಿದು ತಂದು ಒಡೆಯನ ಕಾಲ ಬಳಿ ಇಡುವುದು ಅದರ ಹೆಗ್ಗಳಿಕೆ. ಈ ಅಂತಸ್ತಿನ ನಿಯಮ ಹೋದದ್ದು 1831ರಲ್ಲಿ. ಅಷ್ಟರೊಳಗೆ, 1796ರಲ್ಲಿ, ನಾಯಿಯ ಮೇಲೆ ತೆರಿಗೆ ಬಂದಿತ್ತು. ಅದರ ಪರವಾಗಿ ಪಾರ್ಲಿಮೆಂಟಿನಲ್ಲಿ ವಾದಿಸಿದ ಜಾನ್ ಡೆಂಟ್ ಎಂಬ ಸದಸ್ಯನಿಗೆ ಜನ ‘ನಾಯಿ ಡೆಂಟ್’ ಎಂದು ಹೆಸರಿಟ್ಟರು. 1867ರಲ್ಲಿ ತೆರಿಗೆಯ ಬದಲು ಲೈಸೆನ್ಸ್ ಬಂತು. 1878ರಿಂದ ಅದರ ದರ ಏಳೂವರೆ ಶಿಲಿಂಗ್. ಮುಂದೆ ನೂರು ವರ್ಷ ಅದನ್ನು ಯಾರೂ ಏರಿಸಲಿಲ್ಲ. 1987ರಲ್ಲಿ ಲೈಸೆನ್ಸ್ ರದ್ದಾಗುವ ಹೊತ್ತಿಗೆ ಹೊಸ ನಾಣ್ಯದಲ್ಲಿ ಮೂವತ್ತೇಳು ಪೆನ್ಸ್ ಆಗಿದ್ದ ಆ ದರವನ್ನು ವಸೂಲಿ ಮಾಡಲು ಸರ್ಕಾರಕ್ಕೆ ಅದಕ್ಕಿಂತ ಹೆಚ್ಚು ಖರ್ಚಾಗುತ್ತಿತ್ತು.

ಕಾನೂನಿನ ಈ ಕಾಟವಿಲ್ಲದೆ ದೂರದೂರ ನಡೆದ ನಾಯಿಗಳೂ ಇದ್ದವು. ಅವು ದನ ಹೊಡೆದುಕೊಂಡು ಹೋಗುವವರ ನಾಯಿಗಳು. ರೈಲು ಬರುವ ಮೊದಲು ಸ್ಕಾಟ್ಲೆಂಡಿನ ಗುಡ್ಡಗಾಡಿನ ಕರಿಯ ದನಗಳು ಕ್ರೀಫ್, ಫಾಲ್ಕರ್ಕ್ ಜಾತ್ರೆಗಳಲ್ಲಿ ಮಾರಾಟವಾಗಿ ಇಂಗ್ಲೆಂಡಿನ ಹುಲ್ಲುಗಾವಲುಗಳಿಗೆ ಕಾಲ್ನಡಿಗೆಯಲ್ಲೇ ಹೋಗಬೇಕಿತ್ತು. ದಿನಕ್ಕೆ ಹತ್ತು ಹನ್ನೆರಡು ಮೈಲಿ. ಅದಕ್ಕಿಂತ ಅವಸರ ಮಾಡಿದರೆ ದನ ಬಡಕಲಾಗಿ ಬೆಲೆ ಬೀಳುತ್ತದೆ. ವೇಲ್ಸ್‌ನಿಂದ ಲಂಡನ್ನಿನ ಸ್ಮಿತ್‌ಫೀಲ್ಡ್ ಸಂತೆಗೂ ಹೀಗೆಯೇ ದನ ಬರುತ್ತಿದ್ದವು. ಮಂದೆಯನ್ನು ಒಗ್ಗೂಡಿಸಿ ದಾರಿ ತಪ್ಪದಂತೆ ನಡೆಸುವ ಕೆಲಸ ನಾಯಿಯದು. ಸ್ಕಾಟ್ಲೆಂಡಿನ ಈ ದನದ ದಾರಿಗಳ ಮೇಲೆ 1952ರಲ್ಲಿ ಪುಸ್ತಕ ಬರೆದ ಎ. ಆರ್. ಬಿ. ಹಾಲ್ಡೇನ್ ಒಂದು ಸ್ವಾರಸ್ಯದ ವಾಡಿಕೆಯನ್ನು ದಾಖಲಿಸಿದ್ದಾರೆ. ದನ ಮಾರಿದ ಮೇಲೆ ಕೆಲವರು ಸುಗ್ಗಿಯ ಕೂಲಿಗೆಂದು ಇಂಗ್ಲೆಂಡಿನಲ್ಲೇ ಉಳಿದು ನಾಯಿಗಳನ್ನಷ್ಟೇ ಊರಿಗೆ ಕಳಿಸುತ್ತಿದ್ದರು. ನಾಯಿಗಳು ಬಂದ ದಾರಿಯನ್ನೇ ಹಿಡಿದು, ಬರುವಾಗ ತಂಗಿದ್ದ ಛತ್ರಗಳಲ್ಲೇ ನಿಂತು, ಊಟ ಮಾಡಿ ಮುಂದೆ ಹೋಗುತ್ತಿದ್ದವು. ಆ ಊಟದ ಬಾಕಿಯನ್ನು ಒಡೆಯ ಮುಂದಿನ ವರ್ಷ ಅದೇ ದಾರಿಯಲ್ಲಿ ಬಂದಾಗ ತೀರಿಸುತ್ತಿದ್ದ. ಹತ್ತೊಂಬತ್ತನೆಯ ಶತಮಾನದ ನಡುವಿಗೆ ರೈಲು ಈ ವೃತ್ತಿಯನ್ನು ಮುಗಿಸಿತು. ದಾರಿಗಳು ಉಳಿದವು. ಯಾರ್ಕ್‌ಷೈರಿನಲ್ಲಿ 1969ರಲ್ಲಿ ತೆರೆದ ಕ್ಲೀವ್‌ಲ್ಯಾಂಡ್ ವೇ ಎಂಬ ನಡಿಗೆದಾರಿ ಹ್ಯಾಂಬಲ್ಟನ್ ಗುಡ್ಡದ ಮೇಲೆ ಹೋಗುವುದು ಇಂಥ ಹಳೆಯ ದನದ ದಾರಿಯಲ್ಲೇ.

ಕೆಲಸವಿಲ್ಲದೆ, ಬರೀ ನೋಡುವ ಸಂತೋಷಕ್ಕೆ ಬೆಟ್ಟ ಹತ್ತುವ ಹವ್ಯಾಸ ಹದಿನೆಂಟನೆಯ ಶತಮಾನದ ಕೊನೆಯದು. ಅದರ ಜೊತೆಗೇ ಸಂಗಾತಿಯಾಗಿ ಬರುವ ನಾಯಿಯೂ ಬಂತು. ವರ್ಡ್ಸ್‌ವರ್ತ್ ತನ್ನ ಆತ್ಮಕಥನ ಕಾವ್ಯದಲ್ಲಿ ಇಂಥದೊಂದು ಟೆರಿಯರ್ ನಾಯಿಯನ್ನು ನೆನೆಯುತ್ತಾನೆ. ಸಾಲುಗಳನ್ನು ಗುನುಗುತ್ತ ಕವಿ ದಾರಿಯಲ್ಲಿ ಹೋಗುವಾಗ ಎದುರಿನಿಂದ ಯಾರಾದರೂ ಬಂದರೆ ನಾಯಿ ಮುಂಚೆಯೇ ಎಚ್ಚರಿಸುತ್ತಿತ್ತು. ಗುನುಗು ನಿಲ್ಲಿಸಿ, ತಲೆಕೆಟ್ಟವನೆಂದು ಯಾರೂ ತಿಳಿಯದಂತೆ ಗಂಭೀರನಾಗಲು ಕವಿಗೆ ಸಮಯ ಸಿಗುತ್ತಿತ್ತು. ಆದರೆ ಇಂಗ್ಲೆಂಡಿನ ಬೆಟ್ಟ ಮತ್ತು ನಾಯಿ ಎಂದೊಡನೆ ನೆನಪಿಗೆ ಬರುವುದು ಅದಲ್ಲ. ಅದು 1805ರ ಒಂದು ಸಾವು.

ಆ ವರ್ಷದ ಏಪ್ರಿಲ್‌ನಲ್ಲಿ ಚಾರ್ಲ್ಸ್ ಗೋ ಎಂಬ ಯುವಕ ಲೇಕ್ ಡಿಸ್ಟ್ರಿಕ್ಟ್‌ನ ಪ್ಯಾಟರ್‌ಡೇಲ್‌ನಿಂದ ಹೆಲ್ವೆಲಿನ್ ಶಿಖರ ದಾಟಿ ಗ್ರಾಸ್‌ಮಿಯರ್‌ಗೆ ಹೊರಟ. ಜೊತೆಗಿದ್ದದ್ದು ಫಾಕ್ಸಿ ಎಂಬ ಅವನ ಹೆಣ್ಣುನಾಯಿ ಮಾತ್ರ. ದಾರಿ ತೋರಿಸುವವರು ಆ ದಿನ ಸಿಕ್ಕಿರಲಿಲ್ಲ. ಜುಲೈ 27ರಂದು ರೆಡ್ ಟಾರ್ನ್ ಎಂಬ ಕೊಳದ ಹತ್ತಿರ ನಾಯಿ ಬೊಗಳುವುದನ್ನು ಕೇಳಿ ಕುರಿಗಾಹಿಯೊಬ್ಬ ಹೋಗಿ ನೋಡಿದಾಗ, ಸ್ಟ್ರೈಡಿಂಗ್ ಎಡ್ಜ್ ಎಂಬ ಕಡಿದಾದ ಏಣಿನ ಕೆಳಗೆ ಎಲುಬು ಮತ್ತು ಬಟ್ಟೆಗಳಷ್ಟೇ ಉಳಿದಿದ್ದವು. ಮೂರು ತಿಂಗಳು ಕಳೆದರೂ ನಾಯಿ ಜಾಗ ಬಿಟ್ಟಿರಲಿಲ್ಲ. ಅಲ್ಲೇ ಮರಿ ಹಾಕಿತ್ತು, ಮರಿ ಸತ್ತಿತ್ತು. ಗೋ ಬಳಿ ಸಿಕ್ಕ ಸಾಮಾನುಗಳಲ್ಲಿ ಗಾಳ ಹಾಕುವ ಸಲಕರಣೆಯ ಜೊತೆ ಕ್ಲಾಡ್ ಕನ್ನಡಿಗಳಿದ್ದವು. ಬೆಟ್ಟಕ್ಕೆ ಬೆನ್ನು ಮಾಡಿ ನಿಂತು, ಅದರ ಪ್ರತಿಬಿಂಬವನ್ನು ಚಿತ್ರಪಟದ ಹಾಗೆ ನೋಡಲು ಆ ಕಾಲದ ರಸಿಕರು ಒಯ್ಯುತ್ತಿದ್ದ ಬಣ್ಣದ ಕನ್ನಡಿ ಅದು. ಬೆಟ್ಟದ ಮೇಲೆ ಆ ಹೊತ್ತಿಗೆ ಎಂಥ ಜನ ಬರುತ್ತಿದ್ದರೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ನಾಯಿ ಬದುಕಿದ್ದು ಹೇಗೆ? ಒಡೆಯನ ದೇಹವನ್ನೇ ತಿಂದು ಎಂದು ಆಗಿನ ಪತ್ರಿಕೆಯೊಂದು ಬರೆಯಿತು. ಹುಲ್ಲು ತಿಂದು, ಸತ್ತ ಕುರಿಗಳನ್ನು ತಿಂದು ಎಂದು ಉಳಿದವರು ಹೇಳಿದರು. ಕವಿಗಳಿಗೆ ಈ ಜಗಳ ಬೇಕಿರಲಿಲ್ಲ. ಅದೇ ಆಗಸ್ಟಿನಲ್ಲಿ ವರ್ಡ್ಸ್‌ವರ್ತ್, ವಾಲ್ಟರ್ ಸ್ಕಾಟ್ ಮತ್ತು ವಿಜ್ಞಾನಿ ಹಂಫ್ರಿ ಡೇವಿ ಒಟ್ಟಿಗೆ ಹೆಲ್ವೆಲಿನ್ ಹತ್ತಿದರು. ಕವಿಗಳಿಬ್ಬರೂ ನಾಯಿಯ ನಿಷ್ಠೆಯನ್ನು ಹಾಡಿ ಬೇರೆಬೇರೆ ಕವಿತೆ ಬರೆದರು. 1829ರಲ್ಲಿ ಎಡ್ವಿನ್ ಲ್ಯಾಂಡ್‌ಸೀರ್ ಅದನ್ನೇ ಚಿತ್ರವಾಗಿ ಬರೆದ. ಟೆರಿಯರೋ ಸ್ಪ್ಯಾನಿಯಲ್ಲೋ ಎಂದು ಖಚಿತವಿಲ್ಲದ ನಾಯಿ ಹೀಗೆ ಇಡೀ ದೇಶದ ಆಸ್ತಿಯಾಯಿತು. ಈ ಕಥೆಯಲ್ಲಿ ಕವಿಗಳ ಕೈವಾಡ ಹೆಚ್ಚು, ಆದರೆ ಪರಿಣಾಮ ನಿಜವಾದದ್ದು. ನೂರಕ್ಕೂ ಹೆಚ್ಚು ವರ್ಷ ಕಳ್ಳಬೇಟೆಯ ಸಲಕರಣೆ ಎಂಬ ಹಣೆಪಟ್ಟಿ ಹೊತ್ತಿದ್ದ ಪ್ರಾಣಿ ಬೆಟ್ಟದ ಮೇಲೆ ಮರ್ಯಾದಸ್ಥ ಸಂಗಾತಿಯಾಗಿ ಕಾಣಿಸಿಕೊಂಡದ್ದು ಇಲ್ಲಿಂದ.

1890ರಲ್ಲಿ ಹೆಲ್ವೆಲಿನ್ ಮೇಲೆ ಗೋ ಮತ್ತು ಅವನ ನಾಯಿಯ ನೆನಪಿಗೆ ಕಲ್ಲೊಂದು ನಿಂತಿತು. ನಾಯಿಗೆ ಕಲ್ಲು ನಿಲ್ಲಿಸುವುದು ಕನ್ನಡಿಗರಿಗೆ ಹೊಸದಲ್ಲ. ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯನ್ನು ಸ್ಮರಿಸುವ, 949-50ರ ಆತಕೂರಿನ ಕಲ್ಲು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿಯದು ವೀರಮರಣ, ಫಾಕ್ಸಿಯದು ಕಾವಲು. ಬೇಟೆಯ ಕಾಲದ ಮೆಚ್ಚುಗೆಗೂ ವಿಹಾರದ ಕಾಲದ ಮೆಚ್ಚುಗೆಗೂ ಇರುವ ವ್ಯತ್ಯಾಸ ಅದು. ಹೆಲ್ವೆಲಿನ್ ಕಲ್ಲಿಗೆ ಕಾರಣರಾದವರು ಪ್ರಾಣಿಹಿಂಸೆಯ ವಿರುದ್ಧ ಹೋರಾಡುತ್ತಿದ್ದ ಫ್ರಾನ್ಸಿಸ್ ಪವರ್ ಕಾಬ್ ಎಂಬ ಮಹಿಳೆ ಮತ್ತು ಪಾದ್ರಿ ಹಾರ್ಡ್‌ವಿಕ್ ರಾನ್ಸ್‌ಲಿ. ಕೆಸ್ವಿಕ್ ಊರಿನ ಕಾಲುದಾರಿ ಸಂಘದ ಮುಖ್ಯಸ್ಥರೂ ಈ ರಾನ್ಸ್‌ಲಿಯೇ. 1887ರಲ್ಲಿ ಅಲ್ಲಿನ ಲ್ಯಾಟ್ರಿಗ್ ಗುಡ್ಡದ ದಾರಿಯನ್ನು ಒಡೆಯರು ಮುಚ್ಚಿದಾಗ ಸುಮಾರು ಎರಡು ಸಾವಿರ ಜನ ಗುಂಪುಗೂಡಿ ಗುಡ್ಡ ಹತ್ತಿದ್ದರು. ಎಂಟು ವರ್ಷದ ಮೇಲೆ ನ್ಯಾಷನಲ್ ಟ್ರಸ್ಟ್ ಎಂಬ ಸಂರಕ್ಷಣಾ ಸಂಸ್ಥೆಯನ್ನು ಕಟ್ಟಿದ ಮೂವರಲ್ಲಿ ಅವರೂ ಒಬ್ಬರು.

ದಾರಿ ಮುಚ್ಚುವ ಈ ಚಾಳಿ ಹಳೆಯದು. ಹದಿನೆಂಟನೆಯ ಶತಮಾನದ ನಡುವಿನಿಂದ ಸಾವಿರಾರು ಕಾಯಿದೆಗಳ ಮೂಲಕ ಗೋಮಾಳಗಳಿಗೆ ಬೇಲಿ ಬಿದ್ದಿತ್ತು. 1815ರ ಕಾಯಿದೆಯಂತೂ ‘ಅನವಶ್ಯಕ’ ದಾರಿಯನ್ನು ಇಬ್ಬರು ಮ್ಯಾಜಿಸ್ಟ್ರೇಟರ ಸಹಿಯಿಂದ ಮುಚ್ಚಲು ಬಿಟ್ಟಿತು. ಆ ಮ್ಯಾಜಿಸ್ಟ್ರೇಟರು ಬಹುಮಟ್ಟಿಗೆ ಜಮೀನ್ದಾರರೇ. ಇದರ ವಿರುದ್ಧ 1824ರಲ್ಲಿ ಯಾರ್ಕ್‌ನಲ್ಲಿ, 1826ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹಳೆಯ ಕಾಲುದಾರಿಗಳನ್ನು ಉಳಿಸುವ ಸಂಘಗಳು ಹುಟ್ಟಿದವು. ದಾರಿ ಉಳಿದರೆ ಅದರ ಮೇಲೆ ಯಾರು, ಏನನ್ನು ತೆಗೆದುಕೊಂಡು ಹೋಗಬಹುದು? ಈ ಪ್ರಶ್ನೆ 1861ರಲ್ಲಿ ಮಥಾಯಸ್ ಮೊಕದ್ದಮೆಯಲ್ಲಿ ಬಂತು. ಅಲ್ಲಿ ವ್ಯಾಜ್ಯ ನಾಯಿಯದಲ್ಲ, ಕೂಸಿನ ತಳ್ಳುಗಾಡಿಯದು. ಕಾಲ್ನಡಿಗೆಯವರ ಜೊತೆ ಸಾಮಾನ್ಯವಾಗಿ ಇರುವಂಥದ್ದಕ್ಕೂ ಕಾಲುದಾರಿಯ ಹಕ್ಕು ಅನ್ವಯಿಸುತ್ತದೆ ಎಂಬ ತತ್ತ್ವ ಅದರಿಂದ ನಿಂತಿತು. ಇಂಗ್ಲೆಂಡಿನ ಕಾಲುದಾರಿಯಲ್ಲಿ ನಾಯಿಗೆ ಇರುವ ಆಸರೆ ಇದೊಂದೇ. ನಾಯಿಗೆ ತನ್ನದೇ ಹಕ್ಕಿಲ್ಲ. ತಳ್ಳುಗಾಡಿಯ ಸಾಲಿನಲ್ಲಿ, ನಡೆಯುವವನ ಪರಿಕರವಾಗಿ ಅದು ಹೋಗುತ್ತದೆ. ಹಾಗಾಗಿ ಸಾಮಾನ್ಯ ಕಾಲುದಾರಿಯಲ್ಲಿ ಹಗ್ಗ ಕಡ್ಡಾಯವಲ್ಲ, ಹತೋಟಿ ಇದ್ದರೆ ಸಾಕು. ಆದರೆ ದಾರಿ ಬಿಟ್ಟು ಪಕ್ಕದ ಹೊಲದಲ್ಲಿ ನಾಯಿಯನ್ನು ಓಡಾಡಿಸಲು ಆ ಹಕ್ಕಿನಲ್ಲಿ ಅವಕಾಶವಿಲ್ಲ.

ಈ ಅರೆಮನಸ್ಸಿನ ಸ್ವಾಗತ ತಡಮೆಗಳಲ್ಲಿ ಕಣ್ಣಿಗೆ ಕಾಣುತ್ತದೆ. ದನ ಕುರಿ ದಾಟದಂತೆ, ಮನುಷ್ಯ ಮಾತ್ರ ಹತ್ತಿ ಇಳಿಯುವಂತೆ ಬೇಲಿಗೂ ಗೋಡೆಗೂ ಮಾಡಿದ ಮೆಟ್ಟಿಲುಗಳು ಇವು. ಉತ್ತರದ ಕಲ್ಲುಗೋಡೆಗಳಲ್ಲಿ ಚಾಚಿದ ಚಪ್ಪಡಿಯೇ ಮೆಟ್ಟಿಲು. ಕೆಲವೆಡೆ ಕಾಲಷ್ಟೇ ತೂರುವ ಕಿರಿದಾದ ಸಂದು. ಕುರಿಯನ್ನು ತಡೆಯುವುದು ನಾಯಿಯನ್ನೂ ತಡೆಯುತ್ತದೆ. ಸಣ್ಣ ನಾಯಿಯನ್ನು ಕಂಕುಳಲ್ಲಿ ಎತ್ತಿ ದಾಟಿಸಬಹುದು. ಮೂವತ್ತು ಕಿಲೋ ತೂಗುವ, ಕೆಸರು ಮೆತ್ತಿದ ಲ್ಯಾಬ್ರಡಾರನ್ನು ಎತ್ತುವುದು ಬೇರೆಯೇ ಕಸರತ್ತು. ತಡಮೆಯನ್ನು ಸುಸ್ಥಿತಿಯಲ್ಲಿಡುವುದು ಜಮೀನಿನವನ ಹೊಣೆ, ಆದರೆ ನಾಯಿಗೆ ಅನುಕೂಲ ಮಾಡಿಕೊಡಬೇಕೆಂಬ ಕಟ್ಟಳೆ ಇಲ್ಲ. ಮನಸ್ಸಿದ್ದವರು ತಡಮೆಯ ಪಕ್ಕದಲ್ಲಿ ಮೇಲಕ್ಕೆತ್ತುವ ಹಲಗೆಯ ಪುಟ್ಟ ಬಾಗಿಲಿಡುತ್ತಾರೆ. ಹಲಗೆ ಎತ್ತಿದರೆ ನಾಯಿ ನುಸುಳುತ್ತದೆ, ಬಿಟ್ಟರೆ ತನ್ನ ತೂಕಕ್ಕೇ ಕೆಳಗಿಳಿದು ಕುರಿಗೆ ದಾರಿ ಮುಚ್ಚುತ್ತದೆ. ನಾಯಿಗೆ ಹೊಂದುವ ದಾರಿ ಯಾವುದೆಂದು ಕೈಪಿಡಿಗಳು ತೀರ್ಮಾನಿಸುವುದರಲ್ಲಿ ಅರ್ಧ ಪಾಲು ಈ ಹಲಗೆಯದು.

ಕಾಲುದಾರಿಗಳು ಹೀಗೆ ಅಷ್ಟಿಷ್ಟು ಉಳಿದರೂ ಬೆಟ್ಟದ ನೆತ್ತಿಗಳು ಜನರಿಗೆ ಮುಚ್ಚಿಯೇ ಇದ್ದವು. ಅಲ್ಲಿ ಗ್ರೌಸ್ ಎಂಬ ಬೇಟೆಹಕ್ಕಿಯನ್ನು ಸಾಕುತ್ತಿದ್ದರು. ಆಗಸ್ಟ್ 12ರಂದು ಅದರ ಬೇಟೆ ಶುರು. ಉಳಿದ ದಿನಗಳಲ್ಲಿ ಹಕ್ಕಿ ಬೆದರಬಾರದೆಂದು ಗಾವಲು. 1932ರ ಏಪ್ರಿಲ್ 24ರಂದು ಡರ್ಬಿಷೈರಿನ ಕಿಂಡರ್ ಸ್ಕೌಟ್ ಬೆಟ್ಟಕ್ಕೆ ಮ್ಯಾಂಚೆಸ್ಟರ್ ಸುತ್ತಿನ ಕಾರ್ಮಿಕ ಯುವಕರು ನೂರಾರು ಸಂಖ್ಯೆಯಲ್ಲಿ ನುಗ್ಗಿದರು. ಗಾವಲುಗಾರರೊಡನೆ ಕೈಕೈ ಮಿಲಾಯಿಸಿದರು. ಮುಂದಾಳು ಬೆನ್ನಿ ರಾಥ್‌ಮನ್ ಸೇರಿ ಐವರು ಜೈಲಿಗೆ ಹೋದರು. ಯುದ್ಧದ ನಂತರ, 1949ರಲ್ಲಿ, ರಾಷ್ಟ್ರೀಯ ಉದ್ಯಾನಗಳ ಕಾಯಿದೆ ಬಂತು. ಪೀಕ್ ಡಿಸ್ಟ್ರಿಕ್ಟ್ 1951ರಲ್ಲಿ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಟಾಮ್ ಸ್ಟೀಫನ್‌ಸನ್ ಎಂಬ ಪತ್ರಕರ್ತ 1935ರಲ್ಲಿ ಮುಂದಿಟ್ಟ ಪೆನ್ನೈನ್ ವೇ ಎಂಬ 268 ಮೈಲಿಯ ನಡಿಗೆದಾರಿ, ನೂರಾರು ತಡಮೆಗಳೊಡನೆ, 1965ರಲ್ಲಿ ತೆರೆಯಿತು. ಆ 1949ರ ಕಾಯಿದೆಯ ಅನುಬಂಧದಲ್ಲೇ ನಾಯಿಯ ಮಾತಿದೆ: ಜನರಿಗೆ ತೆರೆದ ನೆಲಕ್ಕೆ ಹತೋಟಿಯಿಲ್ಲದ ನಾಯಿಯನ್ನು ತಂದವನು ಅಲ್ಲಿರುವ ಹಕ್ಕು ಕಳೆದುಕೊಳ್ಳುತ್ತಾನೆ.

ಅದೇ 1965ರಲ್ಲಿ ಸ್ಕಾಟ್ಲೆಂಡಿನ ಗ್ಲೆನ್‌ಕೋದಲ್ಲಿ ಪರ್ವತಾರೋಹಿ ಹ್ಯಾಮಿಷ್ ಮ್ಯಾಕಿನ್ಸ್ ಬೆಟ್ಟದಲ್ಲಿ ಕಳೆದುಹೋದವರನ್ನು ಹುಡುಕುವ ನಾಯಿಗಳ ಸಂಘ ಕಟ್ಟಿದರು. ಸ್ವಿಟ್ಜರ್ಲೆಂಡಿನಲ್ಲಿ ಹಿಮಕುಸಿತದ ನಾಯಿಗಳ ತರಬೇತಿ ನೋಡಿ ಬಂದು, ತಮ್ಮ ಜರ್ಮನ್ ಶೆಫರ್ಡ್‌ಗಳಿಗೆ ಅದನ್ನು ಕಲಿಸಿದ್ದರು. ಈ ನಾಯಿಗಳಿಗೆ ಹೆಜ್ಜೆಯ ಜಾಡು ಬೇಕಿಲ್ಲ. ಗಾಳಿಗೆ ಎದುರಾಗಿ ಗುಡ್ಡದ ಮೈಯನ್ನು ಅಡ್ಡಡ್ಡ ಜಾಲಾಡುತ್ತ, ತೇಲಿ ಬರುವ ಮನುಷ್ಯರ ವಾಸನೆ ಹಿಡಿದು ಹೋಗುತ್ತವೆ. ಈ ತರಬೇತಿಯ ಮೊದಲ ಪರೀಕ್ಷೆ ವಾಸನೆಯದಲ್ಲ. ಕುರಿಗಳ ನಡುವೆ ಬಿಟ್ಟಾಗ ಅವುಗಳ ಕಡೆ ತಿರುಗಿಯೂ ನೋಡಬಾರದು.

ಆ ಹೊತ್ತಿಗೆ ನಾಯಿ ಮತ್ತು ನಡಿಗೆಯ ಇಡೀ ವ್ಯವಹಾರ ಕುರಿಯ ಸುತ್ತಲೇ ತಿರುಗುತ್ತಿತ್ತು. ನಾಯಿ ಕಚ್ಚಬೇಕೆಂದೇ ಇಲ್ಲ. ಗಬ್ಬದ ಕುರಿಯನ್ನು ಅಟ್ಟಿಸಿದರೆ ಸಾಕು, ಗಾಬರಿಗೇ ಗಬ್ಬ ಹೋಗುತ್ತದೆ. ಮಂದೆ ಗೋಡೆಯ ಮೂಲೆಗೆ ನುಗ್ಗಿ ಒಂದರ ಕೆಳಗೊಂದು ಸಿಕ್ಕಿ ಉಸಿರುಗಟ್ಟುತ್ತದೆ. 1953ರ ಕಾಯಿದೆ ಕೃಷಿಭೂಮಿಯಲ್ಲಿ ನಾಯಿ ಜಾನುವಾರುಗಳನ್ನು ಕಾಡುವುದನ್ನು, ಬರೀ ಅಟ್ಟಿಸುವುದನ್ನೂ ಸೇರಿಸಿ, ಅಪರಾಧವಾಗಿಸಿತು. 1981ರ ತಿದ್ದುಪಡಿ ಇನ್ನೂ ಮುಂದೆ ಹೋಯಿತು: ಕುರಿಗಳಿರುವ ಹೊಲದಲ್ಲಿ ಹಗ್ಗವೂ ಹತೋಟಿಯೂ ಇಲ್ಲದೆ ನಾಯಿ ಇದ್ದರೆ ಅದೇ ತಪ್ಪು. ಕುರಿನಾಯಿ, ಪೊಲೀಸ್ ನಾಯಿ, ಅಂಧರಿಗೆ ದಾರಿ ತೋರುವ ನಾಯಿಗಳಿಗೆ ಇದರಿಂದ ವಿನಾಯಿತಿ ಸಿಕ್ಕಿತು. ಬೇಟೆಗಾರರ ಹೌಂಡ್ ಹಿಂಡಿಗೂ ಸಿಕ್ಕಿತು. ಒಂಟಿ ಸ್ಪ್ಯಾನಿಯಲ್ ಅಪಾಯಕಾರಿ, ನಲವತ್ತು ಹೌಂಡ್‌ಗಳು ಅಲ್ಲ ಎಂಬ ಈ ತರ್ಕದಲ್ಲಿ 1671ರ ವಾಸನೆ ಇನ್ನೂ ಇದೆ. ಕುರಿಯನ್ನು ಕಾಡುವ ನಾಯಿಯನ್ನು ಬೇರೆ ದಾರಿಯಿಲ್ಲದಾಗ ಕೊಂದ ರೈತನಿಗೆ 1971ರ ಪ್ರಾಣಿಗಳ ಕಾಯಿದೆ ರಕ್ಷಣೆ ಕೊಡುತ್ತದೆ. 48 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು ಅಷ್ಟೆ.

ದನದ ವಿಷಯದಲ್ಲಿ ಅಪಾಯ ತಿರುಗುಮುರುಗು. ಕರು ಇರುವ ಹಸುವಿಗೆ ನಾಯಿ ಎಂದರೆ ತೋಳವೇ. ಅದು ನಾಯಿಯ ಮೇಲೆ ಏರಿ ಬರುತ್ತದೆ, ನಾಯಿ ಒಡೆಯನ ಕಾಲ ಸಂದಿಗೆ ಓಡುತ್ತದೆ, ಏಟು ಒಡೆಯನಿಗೆ ಬೀಳುತ್ತದೆ. ಹುಟ್ಟು ಅಂಧರಾದ ಮಾಜಿ ಗೃಹಮಂತ್ರಿ ಡೇವಿಡ್ ಬ್ಲಂಕೆಟ್ 2009ರಲ್ಲಿ ಪೀಕ್ ಡಿಸ್ಟ್ರಿಕ್ಟ್‌ನಲ್ಲಿ ತಮ್ಮ ಮಾರ್ಗದರ್ಶಿ ನಾಯಿಯೊಡನೆ ನಡೆಯುವಾಗ ಹಸುವೊಂದು ಹೀಗೆಯೇ ಎರಗಿ ಅವರ ಪಕ್ಕೆಲುಬು ಮುರಿಯಿತು. ಜಾನುವಾರುಗಳ ಹತ್ತಿರ ನಾಯಿ ಹಗ್ಗದಲ್ಲಿರಲಿ ಎನ್ನುವ ಸರ್ಕಾರಿ ಗ್ರಾಮೀಣ ಸಂಹಿತೆ, ದನ ಅಟ್ಟಿಸಿಕೊಂಡು ಬಂದರೆ ಮಾತ್ರ ಹಗ್ಗ ಬಿಟ್ಟುಬಿಡಿ ಎನ್ನುತ್ತದೆ. ನಾಯಿ ತಪ್ಪಿಸಿಕೊಳ್ಳುತ್ತದೆ, ಮನುಷ್ಯನೂ ಉಳಿಯುತ್ತಾನೆ. ನಾಯಿಯ ಹೇಲಿನಿಂದ ಹುಲ್ಲಿಗೆ, ಹುಲ್ಲಿನಿಂದ ಹಸುವಿಗೆ ಹೋಗಿ ಗಬ್ಬ ಕೆಡಿಸುವ ನಿಯೋಸ್ಪೋರಾ ಎಂಬ ಪರೋಪಜೀವಿ 1980ರ ದಶಕದಲ್ಲಿ ಪತ್ತೆಯಾದ ಮೇಲೆ ರೈತರ ತಕರಾರಿಗೆ ಹೊಸ ಆಧಾರ ಸಿಕ್ಕಿತು. 1996ರಲ್ಲಿ ಹೇಲು ಎತ್ತದ ಒಡೆಯನಿಗೆ ದಂಡ ಹಾಕುವ ಕಾಯಿದೆಯೇ ಬಂತು. ಆ ಕಾಯಿದೆಯಿಂದ ಬಂದ ಪ್ಲಾಸ್ಟಿಕ್ ಚೀಲಗಳು ಎಷ್ಟೋ ಕಡೆ ಬೇಲಿಯ ಮುಳ್ಳಿಗೆ ನೇತಾಡುತ್ತವೆ.

ಗ್ರಾಮೀಣ ಪ್ರದೇಶ ಮತ್ತು ದಾರಿ ಹಕ್ಕುಗಳ ಕಾಯಿದೆ 2000ದಲ್ಲಿ ಬಂತು. ಬೆಟ್ಟ, ಕುರುಚಲು ಬಯಲು, ಹುಲ್ಲುಗುಡ್ಡ, ನೋಂದಾಯಿತ ಗೋಮಾಳ ಹೀಗೆ ಇಂಗ್ಲೆಂಡಿನಲ್ಲಿ ಸುಮಾರು 8.6 ಲಕ್ಷ ಹೆಕ್ಟೇರ್ ನೆಲದಲ್ಲಿ ದಾರಿ ಬಿಟ್ಟೂ ಅಡ್ಡಾಡುವ ಹಕ್ಕು ಜನರಿಗೆ ಸಿಕ್ಕಿತು. 2004ರಿಂದ 2005ರ ವರೆಗೆ ಪ್ರದೇಶವಾರು ಇದು ಜಾರಿಗೆ ಬಂತು. ಕಿಂಡರ್ ಸ್ಕೌಟ್‌ನಿಂದ ಲೆಕ್ಕ ಹಾಕಿದರೆ ಏಳು ದಶಕಗಳ ಹೋರಾಟದ ಫಲ. ನಾಯಿಯ ಮಟ್ಟಿಗೆ ಅದು ಷರತ್ತುಗಳ ಕಂತೆ. ಮಾರ್ಚ್ 1ರಿಂದ ಜುಲೈ 31ರ ವರೆಗೆ, ಮತ್ತು ಜಾನುವಾರುಗಳ ಹತ್ತಿರ ವರ್ಷವಿಡೀ, ನಾಯಿ ಎರಡು ಮೀಟರಿಗಿಂತ ಉದ್ದವಿಲ್ಲದ ಹಗ್ಗದಲ್ಲಿರಬೇಕು. ಹಗ್ಗದ ಉದ್ದ ಸ್ಥಿರವಾಗಿರಬೇಕು. ಗುಂಡಿ ಒತ್ತಿದರೆ ಉದ್ದವಾಗುವ ಸುರುಳಿ ಬೆಲ್ಟನ್ನು ಗಮನದಲ್ಲಿಟ್ಟುಕೊಂಡ ಮಾತು ಇದು. ಗ್ರೌಸ್ ಬಯಲಿನ ಒಡೆಯ ಐದು ವರ್ಷದ ವರೆಗೆ ನಾಯಿಗಳನ್ನೇ ಹೊರಗಿಡಬಹುದು. ಕುರಿ ಮರಿಹಾಕುವ, 15 ಹೆಕ್ಟೇರಿಗೆ ಮೀರದ ಆವರಣಗಳಿಗೆ ವರ್ಷದಲ್ಲಿ ಆರು ವಾರದವರೆಗೆ ಇದೇ ಅವಕಾಶ. ಆದರೆ ಅದೇ ಬಯಲಿನ ನಡುವೆ ಹಾದುಹೋಗುವ ಹಳೆಯ ಕಾಲುದಾರಿಗೆ ಈ ಯಾವ ನಿರ್ಬಂಧವೂ ತಾಗುವುದಿಲ್ಲ. ಒಂದು ಹೆಜ್ಜೆ ದಾರಿಯ ಮೇಲಿದ್ದರೆ ಒಂದು ಕಾನೂನು, ಆಚೆಗಿಟ್ಟರೆ ಇನ್ನೊಂದು. ನಾಯಿಗೆ ಇದನ್ನು ಕಲಿಸುವುದಿರಲಿ, ಒಡೆಯರಿಗೆ ತಿಳಿಸುವುದೇ ಉದ್ಯಾನಗಳ ಸಿಬ್ಬಂದಿಗೆ ನಿತ್ಯದ ಪಾಡಾಗಿದೆ.

ಮಾರ್ಚ್‌ನಿಂದ ಜುಲೈ ಎಂದರೆ ಕರ್ಲ್ಯೂ, ಟಿಟ್ಟಿಭ ಜಾತಿಯ ಲ್ಯಾಪ್‌ವಿಂಗ್, ಗೋಲ್ಡನ್ ಪ್ಲವರ್‌ಗಳು ನೆಲದ ಮೇಲೆ ಮೊಟ್ಟೆಯಿಟ್ಟು ಮರಿ ಮಾಡುವ ಕಾಲ. ನಾಯಿ ಮೊಟ್ಟೆ ತಿನ್ನಬೇಕಾಗಿಲ್ಲ. ಹತ್ತಿರ ಸುಳಿದರೆ ತಾಯಿ ಎದ್ದು ಹಾರುತ್ತದೆ, ಮೊಟ್ಟೆ ತಣ್ಣಗಾಗುತ್ತದೆ, ಅಥವಾ ಕಾಗೆ ಬಂದು ಎತ್ತಿಕೊಂಡು ಹೋಗುತ್ತದೆ. ಮನುಷ್ಯ ದಾರಿಯಲ್ಲೇ ಹೋದರೆ ಹಕ್ಕಿ ಸಹಿಸೀತು. ದಾರಿಯ ಎಡಬಲಕ್ಕೆ ಐವತ್ತು ಗಜ ಓಡಾಡುವ ನಾಯಿ ಅದೇ ದಾರಿಯನ್ನು ನೂರು ಗಜ ಅಗಲ ಮಾಡುತ್ತದೆ.

ಸ್ಕಾಟ್ಲೆಂಡಿನ 2003ರ ಭೂಸುಧಾರಣಾ ಕಾಯಿದೆ ಹಗ್ಗವನ್ನು ಅಳೆಯಲು ಹೋಗಲಿಲ್ಲ. ಬಹುಪಾಲು ನೆಲವನ್ನೂ ನೀರನ್ನೂ ಎಲ್ಲರಿಗೂ ತೆರೆದು, ನಾಯಿ ಸರಿಯಾದ ಹತೋಟಿಯಲ್ಲಿರಲಿ ಎಂದಿತು. 2009ರ ಕಾಯಿದೆಯಿಂದ ಇಂಗ್ಲೆಂಡಿನ ಸುತ್ತ ಬಂದ, ಸುಮಾರು 2,700 ಮೈಲಿಯ ಕಡಲತೀರದ ದಾರಿಯಲ್ಲೂ ಜಾನುವಾರು ಹತ್ತಿರವಿದ್ದಾಗ ಮಾತ್ರ ಹಗ್ಗ ಬೇಕು. ಸೂಕ್ಷ್ಮ ಜಾಗಗಳಿಗೆ ಪ್ರತ್ಯೇಕ ನಿರ್ಬಂಧಗಳಿವೆ.

ನಾಯಿಗಾಗಿಯೇ ದಾರಿ ಕಟ್ಟುವ ಕೆಲಸ ಶುರುವಾದದ್ದು ಲಂಡನ್ನಿನ ನೈಋತ್ಯದ ಥೇಮ್ಸ್ ಬೇಸಿನ್ ಕುರುಚಲು ಬಯಲುಗಳಿಂದ. ಡಾರ್ಟ್‌ಫರ್ಡ್ ವಾರ್ಬ್ಲರ್ ಎಂಬ ಹತ್ತು ಗ್ರಾಮ್ ತೂಗುವ ಹಾಡುಹಕ್ಕಿ, ವುಡ್‌ಲಾರ್ಕ್, ನತ್ತಿಂಗ ಜಾತಿಯ ನೈಟ್‌ಜಾರ್ ಇಲ್ಲಿ ನೆಲದ ಮೇಲೋ ಮೊಣಕಾಲೆತ್ತರದ ಪೊದೆಯಲ್ಲೋ ಗೂಡು ಮಾಡುತ್ತವೆ. ಸುತ್ತಲೂ ಮನೆ ಕಟ್ಟುವವರ ನೂಕುನುಗ್ಗಲು. 2005ರಲ್ಲಿ ಈ ಬಯಲುಗಳಿಗೆ ಐರೋಪ್ಯ ಕಾನೂನಿನ ರಕ್ಷಣೆ ಬಂದಾಗ, ಹೊಸ ಮನೆಗಳು ಬಂದಷ್ಟೂ ನಾಯಿಗಳು ಬರುತ್ತವೆ, ನಾಯಿಗಳು ಬಂದಷ್ಟೂ ಗೂಡುಗಳು ಹಾಳಾಗುತ್ತವೆ ಎಂಬ ವಾದ ಎದ್ದು ಬಡಾವಣೆಗಳ ಅನುಮತಿಯೇ ಸ್ಥಗಿತವಾಯಿತು. ಬಗೆಹರಿಸಿದ ರೀತಿ ಸ್ವಾರಸ್ಯವಾಗಿದೆ. ಬಯಲಿನಿಂದ 400 ಮೀಟರ್ ಒಳಗೆ ಹೊಸ ಮನೆ ಬೇಡ. ಅಲ್ಲಿಂದ ಐದು ಕಿಲೋಮೀಟರ್‌ವರೆಗೆ ಕಟ್ಟುವವರು ಪ್ರತಿ ಸಾವಿರ ಹೊಸ ನಿವಾಸಿಗಳಿಗೆ ಎಂಟು ಹೆಕ್ಟೇರ್ ಲೆಕ್ಕದಲ್ಲಿ ಬದಲಿ ಹಸಿರು ನೆಲ ಒದಗಿಸಬೇಕು, ಇಲ್ಲವೇ ಅದಕ್ಕೆ ಹಣ ಕೊಡಬೇಕು. ಆ ನೆಲ ಹೇಗಿರಬೇಕೆಂಬುದನ್ನು ನಾಯಿಯೊಡನೆ ಬರುವವರ ಅಭ್ಯಾಸಗಳನ್ನು ಸಮೀಕ್ಷೆ ಮಾಡಿ ನಿಗದಿಪಡಿಸಿದರು. ಹೊರಟಲ್ಲಿಗೇ ಬಂದು ಸೇರುವ 2.3ರಿಂದ 2.5 ಕಿಲೋಮೀಟರಿನ ಸುತ್ತುದಾರಿ, ಕಾರು ನಿಲ್ಲಿಸಲು ಜಾಗ, ಬಹುಪಾಲು ಕಡೆ ಹಗ್ಗವಿಲ್ಲದೆ ಓಡಲು ಬಿಡುವಷ್ಟು ನಿರಪಾಯ ಬಯಲು, ಹೆದ್ದಾರಿಯ ಸದ್ದಿಲ್ಲದ ಕಾಡಿನಂಥ ನೋಟ. ಕಾರಿನಿಂದ ಇಳಿದೊಡನೆ ನಾಯಿಯನ್ನು ಬಿಡುವಂತಿರಬೇಕೆಂಬುದೂ ಮಾರ್ಗಸೂಚಿಯಲ್ಲಿದೆ. ಈ ನೆಲ ಸಿದ್ಧವಾಗುವ ಮೊದಲು ಅದಕ್ಕೆ ಹೊಂದಿದ ಮನೆಗಳಲ್ಲಿ ಯಾರೂ ವಾಸಕ್ಕೆ ಹೋಗುವಂತಿಲ್ಲ. ಅದನ್ನು ಶಾಶ್ವತವಾಗಿ ನೋಡಿಕೊಳ್ಳುವ ವೆಚ್ಚವೂ ಮನೆ ಕಟ್ಟುವವರ ತಲೆಯ ಮೇಲೆಯೇ ಬರುತ್ತದೆ.